ತಂತಿಯ ಗುಣ ಬೇರೆ, ತಂತಿಯ ತಡೆ ಬೇರೆ

ಬಾವಿಯ ಮೋಟಾರು ಚಾಲೂ ಮಾಡಿದ ಕೂಡಲೇ ಅಡುಗೆ ಮನೆಯ ದೀಪ ಮಂಕಾಗುವುದನ್ನು ನೀವು ಗಮನಿಸಿರಬಹುದು. ‘ಇವತ್ತು ವೋಲ್ಟೇಜ್ ಇಲ್ಲ’ ಎಂದು ಸುಮ್ಮನಾಗುತ್ತೇವೆ. ಆದರೆ ಕೆಲವೊಮ್ಮೆ ಕಾರಣ ನಮ್ಮದೇ ವೈರಿನಲ್ಲಿ ಇರುತ್ತದೆ. ಅದನ್ನು ತಿಳಿಯಲು ಹತ್ತನೆಯ ತರಗತಿಯ ಮಕ್ಕಳು ಓದುವ ಎರಡು ಶಬ್ದಗಳು ಸಾಕು: ರೋಧ ಮತ್ತು ರೋಧಶೀಲತೆ.

ವಿದ್ಯುತ್ ಹರಿಯುವಾಗ ಒಂದು ನಿರ್ದಿಷ್ಟ ತಂತಿ ಒಡ್ಡುವ ತಡೆಯೇ ರೋಧ. ಇದರ ಅಳತೆ ಓಮ್. ತಂತಿ ಉದ್ದವಾದಷ್ಟೂ ರೋಧ ಹೆಚ್ಚುತ್ತದೆ, ದಪ್ಪವಾದಷ್ಟೂ ಕಡಿಮೆಯಾಗುತ್ತದೆ. ರೋಧಶೀಲತೆ ಹಾಗಲ್ಲ. ಅದು ತಂತಿ ಯಾವ ವಸ್ತುವಿನದೋ ಆ ವಸ್ತುವಿನ ಗುಣ. ಇದರ ಅಳತೆ ಓಮ್-ಮೀಟರ್. ತಾಮ್ರದ ತುಂಡು ಗೇಣುದ್ದ ಇರಲಿ, ಮೈಲುದ್ದ ಇರಲಿ, ಉಷ್ಣತೆ ಬದಲಾಗದಿದ್ದರೆ ಅದರ ರೋಧಶೀಲತೆ ಒಂದೇ. ಬಟ್ಟೆ ಅಂಗಡಿಯ ಮಾತಿನಲ್ಲಿ ಹೇಳುವುದಾದರೆ, ರೋಧಶೀಲತೆ ಮೀಟರಿನ ದರ ಇದ್ದಂತೆ, ರೋಧ ಕೊನೆಗೆ ಬರುವ ಬಿಲ್ಲಿನಂತೆ.

ಅಕ್ಕೋಳ, ನಿಪ್ಪಾಣಿ ಸೀಮೆಯ ಕಬ್ಬು, ತಂಬಾಕಿನ ಹೊಲವೊಂದನ್ನು ಕಲ್ಪಿಸಿಕೊಳ್ಳಿ. ಮೀಟರಿನಿಂದ 100 ಮೀಟರ್ ದೂರದಲ್ಲಿ 10 ಆಂಪಿಯರ್ ಎಳೆಯುವ ಮೋಟಾರು ಇದೆ. ಹೋಗುವ ಮತ್ತು ಬರುವ ತಂತಿ ಸೇರಿ 200 ಮೀಟರ್. ಖರ್ಚು ಉಳಿಯಲೆಂದು 1 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದರೆ ರೋಧ ಸುಮಾರು 3.4 ಓಮ್. ಆಗ 230 ವೋಲ್ಟಿನಲ್ಲಿ 34 ವೋಲ್ಟ್ ದಾರಿಯಲ್ಲೇ ನಷ್ಟ. 340 ವ್ಯಾಟ್ ವಿದ್ಯುತ್ತು ವೈರನ್ನು ಕಾಯಿಸುವುದಕ್ಕೇ ಹೋಯಿತು! 2.5 ಚದರ ಮಿಲಿಮೀಟರಿನ ವೈರು ಹಾಕಿದ್ದರೆ ನಷ್ಟ ಸುಮಾರು 14 ವೋಲ್ಟ್ ಮಾತ್ರ. ಎರಡೂ ತಾಮ್ರವೇ, ರೋಧಶೀಲತೆ ಬದಲಾಗಿಲ್ಲ. ಬದಲಾದದ್ದು ರೋಧ.

ಅಲ್ಯುಮಿನಿಯಂ ಅಗ್ಗ ನಿಜ. ಆದರೆ ಅದರ ರೋಧಶೀಲತೆ ತಾಮ್ರದ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು. ಆದ್ದರಿಂದ ತಾಮ್ರದ 2.5 ಚದರ ಮಿಲಿಮೀಟರ್ ಮಾಡುವ ಕೆಲಸಕ್ಕೆ ಅಲ್ಯುಮಿನಿಯಂ ಆದರೆ 4 ಬೇಕು. ಇನ್ನು ನಿಮ್ಮ ಇಸ್ತ್ರಿ ಪೆಟ್ಟಿಗೆಯ ಒಳಗಿನ ನಿಕ್ರೋಮ್ ಸುರುಳಿಯ ರೋಧಶೀಲತೆ ತಾಮ್ರದ ಸುಮಾರು 60 ಪಟ್ಟು. ಅಲ್ಲಿ ಕಾಯುವುದೇ ಬೇಕಾದ ಕೆಲಸ. ಆದರೆ ಇಸ್ತ್ರಿಯ ವೈರೇ ಕೈಗೆ ಬಿಸಿ ತಾಗಿದರೆ ಕೂಡಲೇ ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ. ತೆಳು ವೈರು ಅಥವಾ ಸಡಿಲ ಜೋಡಣೆಯಿಂದ ಬೆಂಕಿ ಹತ್ತಬಹುದು. ಹೀಟರು, ಇಸ್ತ್ರಿಗಳನ್ನು ದೀಪದ ತೆಳು ವೈರಿಗೆ ಜೋಡಿಸಲೇಬೇಡಿ.

ಭೂಮಿಗೂ ರೋಧಶೀಲತೆ ಇದೆ. ಬೋರ್‌ವೆಲ್ ಕೊರೆಸುವ ಮೊದಲು ನಾಲ್ಕು ಸರಳುಗಳನ್ನು ನೆಲಕ್ಕೆ ಊರಿ ವಿದ್ಯುತ್ ಹರಿಸಿ ನೋಡುವುದು ಇದನ್ನೇ. ನಮ್ಮ ಸೀಮೆಯ ಗಟ್ಟಿ ಕರಿಕಲ್ಲಿನ ರೋಧಶೀಲತೆ ಹೆಚ್ಚು, ಬಿರುಕಿನಲ್ಲಿ ನೀರು ತುಂಬಿದ ಕಲ್ಲಿನದು ಕಡಿಮೆ. ಜೇಡಿಮಣ್ಣಿನದೂ ಕಡಿಮೆಯೇ. ಆದ್ದರಿಂದ ಇದು ಸುಳಿವು ಮಾತ್ರ, ಖಾತರಿ ಅಲ್ಲ.

ಈಗ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ ನೋಡಿ: ಒಂದು ತಂತಿಯನ್ನು ಎಳೆದು ಎರಡು ಪಟ್ಟು ಉದ್ದ ಮಾಡಿದರೆ ಏನಾಗುತ್ತದೆ? ಉದ್ದ ಇಮ್ಮಡಿಯಾಯಿತು, ಅಡ್ಡಕೊಯ್ತದ ವಿಸ್ತೀರ್ಣ ಅರ್ಧಕ್ಕೆ ಇಳಿಯಿತು. ಆದ್ದರಿಂದ ರೋಧ ನಾಲ್ಕು ಪಟ್ಟು. ರೋಧಶೀಲತೆ? ಇದ್ದಷ್ಟೇ. ಇದು ಮಕ್ಕಳಿಗೆ ಪರೀಕ್ಷೆಯಲ್ಲಿ ಉಪಯೋಗಕ್ಕೆ ಬರುತ್ತದೆ, ನಿಮಗೆ ವೈರು ಕೊಳ್ಳುವ ದಿನ. ಅಂದು ‘ಯಾವ ಲೋಹ?’ ಎಂದು ಮಾತ್ರ ಕೇಳಬೇಡಿ, ‘ಎಷ್ಟು ದಪ್ಪ, ಎಷ್ಟು ದೂರಕ್ಕೆ?’ ಎಂದೂ ಕೇಳಿ.