ಒಂದೇ ವೈನ್, ನಾಲ್ಕು ಅಭಿಪ್ರಾಯ: ಹಳತಾದಂತೆ ಕೆಂಪು ವೈನಿನ ರುಚಿ ಬದಲಾಗುವುದೇಕೆ?

ತಾರಿಹಾಳ (ಹುಬ್ಬಳ್ಳಿ): ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದನ್ನು ನಡೆಸುತ್ತಿರುವ ಪರಿಚಿತರೊಬ್ಬರಿಗೆ ಬೆಂಗಳೂರಿನ ವ್ಯಾಪಾರಿ ಮಿತ್ರರು ಎಂಟು ವರ್ಷಗಳ ಹಿಂದೆ ಮೂರು ಬಾಟಲಿ ಕೆಂಪು ವೈನ್ ಉಡುಗೊರೆಯಾಗಿ ಕೊಟ್ಟಿದ್ದರು. ನಮ್ಮ ರಾಜ್ಯದಲ್ಲಿಯೇ ತಯಾರಾದ, ಹೆಸರೂ ಬೆಲೆಯೂ ಇರುವ ವೈನ್ ಅದು. ಮೂರೂ ಒಂದೇ ಸುಗ್ಗಿಯ ದ್ರಾಕ್ಷಿಯವು. ಹಳತಾದಷ್ಟೂ ವೈನ್ ಉತ್ತಮ ಎಂಬ ಮಾತನ್ನು ನಂಬಿದ ಅವರು, ಘಟಕದ ಸಾಲದ ಕೊನೆಯ ಕಂತು ತೀರಿದ ದಿನ ತೆರೆಯುವುದೆಂದು ನಿಶ್ಚಯಿಸಿ ಒಂದನ್ನು ಘಟಕದ ಕಚೇರಿಯ ಉಕ್ಕಿನ ಕಪಾಟಿನಲ್ಲಿಯೂ, ಉಳಿದೆರಡನ್ನು ಧಾರವಾಡದ ಹಿರಿಯರ ಮನೆಯ ನಡುಕೋಣೆಯಲ್ಲಿಯೂ ಇರಿಸಿದರು.

ಕಂತು ತೀರಿತು. ನಾಲ್ವರು ಕುಳಿತೆವು. ಕಪಾಟಿನ ಬಾಟಲಿಯಿಂದ ಸುರಿದದ್ದು ಕಷಾಯದ ಬಣ್ಣದ ದ್ರವ. ಹುಣಸೆ ಕದಡಿದ ನೀರಿನಂತಿದೆ ಎಂದರು ಒಬ್ಬರು. ಫ್ರಾನ್ಸಿಗೆ ಹೋಗಿಬಂದಿದ್ದ ಇನ್ನೊಬ್ಬರು, ಹಳೆಯ ವೈನಿನ ಲಕ್ಷಣವೇ ಇದು, ನಿಮಗೆ ಅಭ್ಯಾಸವಿಲ್ಲ ಎಂದು ವಾದಿಸಿದರು. ಧಾರವಾಡದಿಂದ ತಂದ ಬಾಟಲಿಯೊಂದರಲ್ಲಿ ಇಟ್ಟಿಗೆಗೆಂಪು ಬಣ್ಣವಿತ್ತು, ತಳದಲ್ಲಿ ತೆಳುವಾದ ಗಸಿಯಿತ್ತು. ಅದರಲ್ಲಿ ಒಣದ್ರಾಕ್ಷಿ ಮತ್ತು ಲವಂಗದ ಪರಿಮಳ ಈ ಬರಹಗಾರನಿಗೆ ದೊರೆಯಿತು. ಆತಿಥೇಯರಿಗೆ ಮಾತ್ರ ಅದು ಬರಿಯ ಸಪ್ಪೆ. ಎಂಟು ವರ್ಷ ಕಾದ ಮನುಷ್ಯನ ಮುಖ ನೋಡುವಂತಿರಲಿಲ್ಲ. ಯಾರ ಮಾತು ನಿಜ ಎಂದು ಅವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಮದ್ಯ ಯಾವ ಪ್ರಮಾಣದಲ್ಲಿಯೂ ಸಂಪೂರ್ಣ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಕುಡಿಯಿರಿ ಎಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಆದರೆ ಸಾವಿರಾರು ರೂಪಾಯಿ ತೆತ್ತು ಕೊಂಡದ್ದನ್ನು ಕಪಾಟಿನಲ್ಲಿಟ್ಟು ಕಾಯುವವರು ನಮ್ಮ ನಡುವೆ ಕಡಿಮೆಯಿಲ್ಲವಾದ್ದರಿಂದ ವಿಷಯ ತಿಳಿದಿರುವುದು ಒಳ್ಳೆಯದು.

ಒಗರಿನ ಲೀಲೆ

ಕೆಂಪು ವೈನ್ ಕೇವಲ ದ್ರಾಕ್ಷಿಯ ರಸವಲ್ಲ. ಸಿಪ್ಪೆ ಮತ್ತು ಬೀಜಗಳೊಡನೆ ಹುದುಗಿದ ರಸ. ಸಿಪ್ಪೆಯಲ್ಲಿನ ಆಂಥೋಸಯನಿನ್ ಎಂಬ ವರ್ಣದ್ರವ್ಯ ಬಣ್ಣ ಕೊಡುತ್ತದೆ. ಸಿಪ್ಪೆ ಹಾಗೂ ಬೀಜಗಳಿಂದ ಟ್ಯಾನಿನ್ ಇಳಿಯುತ್ತದೆ. ಟ್ಯಾನಿನ್ ಎಂದರೆ ನಮಗೆ ಚಿರಪರಿಚಿತವಾದ ಒಗರು. ನೇರಳೆ ಹಣ್ಣು ತಿಂದಾಗ, ಹಸಿ ಅಡಿಕೆ ಅಗಿದಾಗ ನಾಲಗೆ ಒಣಗಿ ಹಿಡಿದುಕೊಂಡಂತಾಗುತ್ತದಲ್ಲ, ಅದೇ. ಅಡಿಕೆ ಬೇಯಿಸಿದ ಚೊಗರನ್ನು ಕಂಡ ಶಿರಸಿ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಗಂಟುಕಟ್ಟಿಸುವುದರಿಂದ ಬಾಯಿಯ ಜಾರುತನ ಹೋಗಿ ಒರಟಾಗುತ್ತದೆ.

ಹೊಸ ವೈನಿನಲ್ಲಿ ಈ ಒಗರು ತೀಕ್ಷ್ಣ, ಬಣ್ಣ ನೇರಳೆಗೆಂಪು, ಪರಿಮಳ ತಾಜಾ ಹಣ್ಣಿನದು. ಬಾಟಲಿಯೊಳಗೆ ವರ್ಷಗಳು ಉರುಳಿದಂತೆ ವರ್ಣದ್ರವ್ಯವೂ ಟ್ಯಾನಿನ್ನೂ ಒಂದಕ್ಕೊಂದು ಹೆಣೆದುಕೊಂಡು ದೊಡ್ಡ ಅಣುಗಳಾಗುತ್ತವೆ. ಅವುಗಳಲ್ಲಿ ಕೆಲವು ಭಾರವಾಗಿ ತಳಕ್ಕಿಳಿಯುತ್ತವೆ. ಹಳೆಯ ವೈನಿನ ಗಸಿ ಅದೇ. ಬಣ್ಣ ಇಟ್ಟಿಗೆಗೆ ತಿರುಗುತ್ತದೆ, ಒಗರು ಮೆತ್ತಗಾಗುತ್ತದೆ. ಬಿರಡೆಯ ಮೂಲಕ ನುಸುಳುವ ಅತ್ಯಲ್ಪ ಆಮ್ಲಜನಕವೂ ಇದರಲ್ಲಿ ಪಾಲುಗೊಳ್ಳುತ್ತದೆ. ಹಣ್ಣಿನ ಪರಿಮಳ ಹಿಂದೆ ಸರಿದು ಒಣಹಣ್ಣು, ತಂಬಾಕು, ಚರ್ಮ, ಮಳೆ ಬಿದ್ದ ಮಣ್ಣಿನ ವಾಸನೆಗಳು ಮುಂದೆ ಬರುತ್ತವೆ. ನಿಪ್ಪಾಣಿಯ ತಂಬಾಕಿನ ಗೋದಾಮನ್ನು ಹೊಕ್ಕವರಿಗೆ ಆ ಪರಿಮಳ ಹಿತವೆನಿಸಬಹುದು, ಇತರರಿಗೆ ಕಮಟು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಪ್ರಯಾಣ ನೇರವಾದುದಲ್ಲ. ಕೆಲವು ಘನವಾದ ವೈನುಗಳು ಆರಂಭದಲ್ಲಿ ಹಣ್ಣಿನ ಸೊಗಸಿನಿಂದ ಮೆಚ್ಚುಗೆ ಪಡೆದು, ನಾಲ್ಕಾರು ವರ್ಷಗಳ ಬಳಿಕ ಬಾಯಿ ಮುಚ್ಚಿಕೊಂಡಂತೆ ಸುಮ್ಮನಾಗಿ, ಮತ್ತೆ ಕೆಲಕಾಲದ ನಂತರ ತೆರೆದುಕೊಳ್ಳುತ್ತವೆ. ಹೀಗಾಗಿ ಒಂದೇ ವೈನನ್ನು ಬೇರೆ ಬೇರೆ ಕಾಲದಲ್ಲಿ ಸವಿದ ಇಬ್ಬರು ಪರಸ್ಪರ ವಿರುದ್ಧವಾದ ಮಾತು ಹೇಳಿದರೂ ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು.

ಬಚ್ಚಿಟ್ಟ ವೈನ್ ಬೆಳಗಿದ ಕಥೆ

ಇದಕ್ಕೆ ಆಸ್ಟ್ರೇಲಿಯಾದ ಗ್ರ್ಯಾಂಜ್ ವೈನಿಗಿಂತ ಉತ್ತಮ ನಿದರ್ಶನ ಸಿಗಲಾರದು. ಅಡಿಲೇಡ್ ನಗರದ ಪೆನ್‌ಫೋಲ್ಡ್ಸ್ ಸಂಸ್ಥೆಯ ವೈನ್ ತಯಾರಕ ಮ್ಯಾಕ್ಸ್ ಶೂಬರ್ಟ್ 1950ರಲ್ಲಿ ಯುರೋಪಿಗೆ ಹೋದಾಗ, ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ನಲವತ್ತು-ಐವತ್ತು ವರ್ಷ ಹಳೆಯದಾದರೂ ಜೀವ ತುಂಬಿದ್ದ ವೈನುಗಳನ್ನು ಸವಿದು ಬೆರಗಾದರು. ತಮ್ಮ ನಾಡಿನ ಶಿರಾಜ್ ದ್ರಾಕ್ಷಿಯಿಂದಲೂ ಅಂಥದನ್ನು ಮಾಡಬೇಕೆಂಬ ಛಲದಿಂದ 1951ರಲ್ಲಿ ಪ್ರಯೋಗಕ್ಕೆ ಕೈಹಾಕಿದರು. ಆದರೆ 1950ರ ದಶಕದ ಮಧ್ಯಭಾಗದಲ್ಲಿ ಸಿಡ್ನಿಯ ಪರಿಣತರೆದುರು ಆ ವೈನುಗಳನ್ನಿಟ್ಟಾಗ ಸಿಕ್ಕಿದ್ದು ಬರಿಯ ಅಪಹಾಸ್ಯ. ಕಾಡುಹಣ್ಣುಗಳೊಡನೆ ಇರುವೆ ಅರೆದಂತಿದೆ ಎಂಬರ್ಥದ ಟೀಕೆಯೂ ಬಂತು. 1957ರಲ್ಲಿ ಆಡಳಿತ ಮಂಡಳಿ ತಯಾರಿಕೆ ನಿಲ್ಲಿಸುವಂತೆ ಆದೇಶಿಸಿತು.

ಶೂಬರ್ಟ್ ನಿಲ್ಲಿಸಲಿಲ್ಲ. 1957, 58 ಮತ್ತು 59ರ ವೈನುಗಳನ್ನು ಗುಟ್ಟಾಗಿ ತಯಾರಿಸಿ ಬಚ್ಚಿಟ್ಟರು. ಅಷ್ಟರಲ್ಲಿ ಮೊದಲ ವರ್ಷಗಳ ಬಾಟಲಿಗಳು ಹದಕ್ಕೆ ಬಂದಿದ್ದವು. ಮತ್ತೆ ಸವಿದ ಮಂಡಳಿ 1960ರಲ್ಲಿ ತನ್ನ ಆದೇಶವನ್ನು ತಾನೇ ಹಿಂತೆಗೆದುಕೊಂಡಿತು. 1955ರ ಗ್ರ್ಯಾಂಜ್ 1962ರಲ್ಲಿ ಸಿಡ್ನಿಯ ಸ್ಪರ್ಧೆಯಲ್ಲಿ ಚಿನ್ನದ ಪದಕ ಪಡೆದು, ಮುಂದೆ ಐವತ್ತಕ್ಕೂ ಹೆಚ್ಚು ಚಿನ್ನದ ಪದಕಗಳನ್ನು ಗೆದ್ದುಕೊಂಡಿತು. ಮೊದಲು ಬೈದವರ ನಾಲಗೆ ಕೆಟ್ಟಿರಲಿಲ್ಲ. ಅವರು ಎಳೆಯದನ್ನು ಕುಡಿದಿದ್ದರು, ಅಷ್ಟೇ.

1976ರ ಮೇ 24ರಂದು ಪ್ಯಾರಿಸ್‌ನಲ್ಲಿ ನಡೆದ ಇನ್ನೊಂದು ಪ್ರಸಂಗವೂ ಪ್ರಸಿದ್ಧ. ಬ್ರಿಟನ್ನಿನ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಅವರು ಹೆಸರು ಮುಚ್ಚಿಟ್ಟು ಏರ್ಪಡಿಸಿದ್ದ ಪರೀಕ್ಷೆಯಲ್ಲಿ ಫ್ರೆಂಚ್ ತೀರ್ಪುಗಾರರೇ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ ಸಂಸ್ಥೆಯ 1973ರ ಕೆಂಪು ವೈನಿಗೆ ಮೊದಲ ಸ್ಥಾನ ಕೊಟ್ಟುಬಿಟ್ಟರು; ಬೋರ್ಡೋದ ಮೂಟೋನ್-ರಾತ್‌ಶೀಲ್ಡ್ ಎರಡನೆಯದಾಯಿತು. ಅಮೆರಿಕದ ವೈನ್ ಎಳೆಯದರಲ್ಲಿ ಚೆಂದ, ಹಳತಾಗಲಿ, ಆಗ ನೋಡೋಣ ಎಂದು ಫ್ರೆಂಚರು ಸಮಾಧಾನಪಟ್ಟುಕೊಂಡರು. ಸರಿಯಾಗಿ ಮೂವತ್ತು ವರ್ಷಗಳ ನಂತರ, 2006ರ ಅದೇ ದಿನ, ಅವೇ ವರ್ಷಗಳ ಅವೇ ವೈನುಗಳನ್ನು ಲಂಡನ್ ಮತ್ತು ಕ್ಯಾಲಿಫೋರ್ನಿಯಾದ ನಾಪಾಗಳಲ್ಲಿ ಮತ್ತೆ ಪರೀಕ್ಷಿಸಲಾಯಿತು. ಮೊದಲ ಐದೂ ಸ್ಥಾನಗಳು ಕ್ಯಾಲಿಫೋರ್ನಿಯಾದ ಪಾಲಾದವು! ಆದರೆ ಗೆದ್ದದ್ದು ಹಿಂದಿನ ವಿಜೇತ ವೈನಲ್ಲ. 1976ರಲ್ಲಿ ಐದನೆಯ ಸ್ಥಾನದಲ್ಲಿದ್ದ ರಿಜ್ ಸಂಸ್ಥೆಯ 1971ರದು.

ಪಕ್ವವಾಗುವ ಭರವಸೆ ಹುಸಿಯಾದ ಉದಾಹರಣೆಗಳೂ ಇವೆ. ಬೋರ್ಡೋದ 1975ರ ವೈನುಗಳು ಭಾರಿ ಒಗರಿನವಾದ್ದರಿಂದ ದಶಕಗಟ್ಟಲೆ ಬಾಳುತ್ತವೆಂದು ಜನ ಕೊಂಡಿಟ್ಟರು. ಹಲವು ಬಾಟಲಿಗಳಲ್ಲಿ ಒಗರು ಇಳಿಯುವ ಮೊದಲೇ ಹಣ್ಣು ಒಣಗಿಹೋಯಿತು. ಕಾಯುವುದರಲ್ಲಿ ಸದಾ ಇರುವ ಜೂಜು ಇದು. ಉಪ್ಪಿನಕಾಯಿಯನ್ನು ಕಾದು ತಿನ್ನಬೇಕು, ಧಾರವಾಡ ಪೇಢೆಯನ್ನು ಕಾದು ತಿನ್ನುವವರುಂಟೇ? ಜಗತ್ತಿನಲ್ಲಿ ತಯಾರಾಗುವ ವೈನಿನಲ್ಲಿ ಬಹುಪಾಲು ಪೇಢೆಯ ಜಾತಿಯದು.

ನಾಲಗೆಯನ್ನೂ ಪ್ರಶ್ನಿಸಬೇಕು

ದೋಷವೆಲ್ಲ ಬಾಟಲಿಯದೆಂದರೆ ಅನ್ಯಾಯವಾದೀತು. ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ ರಾಬರ್ಟ್ ಹಾಡ್ಜ್‌ಸನ್ ಎಂಬುವರು ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ಗೊತ್ತಿಲ್ಲದಂತೆ ಮತ್ತೆ ಮತ್ತೆ ಕೊಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಪ್ರತಿ ಸಲವೂ ಸರಿಸುಮಾರು ಒಂದೇ ದರ್ಜೆ ನೀಡಿದವರು ಹತ್ತರಲ್ಲಿ ಒಬ್ಬರು ಮಾತ್ರ. 2001ರಲ್ಲಿ ಬೆಳಕಿಗೆ ಬಂದ ಬೋರ್ಡೋದ ಪ್ರಯೋಗವೊಂದರಲ್ಲಿ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ ವಿದ್ಯಾರ್ಥಿಗಳು ಕೆಂಪು ವೈನಿಗೆ ಬಳಸುವ ಪದಗಳಿಂದಲೇ ಅದನ್ನು ವರ್ಣಿಸಿದ್ದರು. ಕಣ್ಣು ನೋಡಿದ್ದನ್ನು ಮೂಗು ಒಪ್ಪಿಕೊಂಡಿತು. ಬೆಲೆ, ಹೆಸರು, ಪಕ್ಕದಲ್ಲಿ ಕುಳಿತವರ ಗತ್ತು ಇವೆಲ್ಲವೂ ರುಚಿಯೊಳಗೆ ಸೇರಿಕೊಳ್ಳುತ್ತವೆ.

ನಮ್ಮ ಕೂಟದಲ್ಲಿಯೂ ಹಾಗೆಯೇ ಆಗಿತ್ತು. ಸಪ್ಪೆ ಎಂದ ಆತಿಥೇಯರು ಅದಕ್ಕೂ ಮುನ್ನ ಸಾವಜಿ ಊಟದ ಖಾರವನ್ನು ಗಡದ್ದಾಗಿ ಸವಿದಿದ್ದರು. ಆ ಖಾರದ ಮುಂದೆ ಹಳೆಯ ವೈನಿನ ಮೆಲುದನಿ ಯಾರಿಗೆ ಕೇಳೀತು? ಇದರ ಮೇಲೆ ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಉಪದೇಶವನ್ನು ಅಕ್ಷರಶಃ ಪಾಲಿಸಿದ್ದೆವು. ಅದು ಯುರೋಪಿನ ತಣ್ಣನೆಯ ಮನೆಗಳ 16ರಿಂದ 18 ಡಿಗ್ರಿಯ ಮಾತು, ಹುಬ್ಬಳ್ಳಿಯ ಏಪ್ರಿಲ್ ತಿಂಗಳದ್ದಲ್ಲ. ಬಿಸಿಯಾದ ವೈನಿನಲ್ಲಿ ಮೊದಲು ಮೂಗಿಗೆ ಬಡಿಯುವುದು ಮದ್ಯಸಾರ.

ತಗಡಿನ ಚಾವಣಿಯ ಕೆಳಗೆ

ಆದರೂ ಎರಡು ಬಾಟಲಿಗಳ ನಡುವಿನ ಅಂತರ ನಾಲಗೆಯ ಭ್ರಮೆಯಾಗಿರಲಿಲ್ಲ. ಬಣ್ಣವೇ ಸಾಕ್ಷಿ ಹೇಳುತ್ತಿತ್ತು. ವೈನ್ ನಿಧಾನವಾಗಿ ಪಕ್ವವಾಗಲು 12ರಿಂದ 14 ಡಿಗ್ರಿ ಸೆಲ್ಸಿಯಸ್‌ನ ಏರಿಳಿತವಿಲ್ಲದ ತಂಪು ಬೇಕು. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಬೇಸಿಗೆಯಲ್ಲಿ ಹುಬ್ಬಳ್ಳಿಯ ಬಿಸಿಲು 37-38 ಡಿಗ್ರಿ ಮುಟ್ಟುವುದು ಸಾಮಾನ್ಯ. ತಗಡಿನ ಚಾವಣಿಯಡಿ ಮುಚ್ಚಿದ ಉಕ್ಕಿನ ಕಪಾಟಿನಲ್ಲಿ ಅದಕ್ಕಿಂತಲೂ ಹೆಚ್ಚು. ಹಗಲು ಹಿಗ್ಗಿ ರಾತ್ರಿ ಕುಗ್ಗುವ ದ್ರವ ಬಿರಡೆಯನ್ನು ಸಡಿಲಿಸುತ್ತದೆ, ಗಾಳಿ ಒಳನುಗ್ಗುತ್ತದೆ. ಅಲ್ಲಿ ನಡೆದದ್ದು ಪಾಕವಲ್ಲ, ಬೇಯುವಿಕೆ. ಫ್ರಾನ್ಸಿನ ಅನುಭವಸ್ಥರು ಲಕ್ಷಣವೆಂದು ಕರೆದದ್ದು ಅಲಕ್ಷಣವೇ ಆಗಿತ್ತು.

ಧಾರವಾಡದ ಮಣ್ಣಿನ ದಪ್ಪ ಗೋಡೆಯ ನಡುಕೋಣೆ ಮಾತ್ರ ಅಷ್ಟಿಷ್ಟು ಕಾಪಾಡಿತ್ತು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಯ್ದ ನಮ್ಮ ಹಿರಿಯರಿಗೆ ನೆಲದಡಿಯ ತಂಪಿನ ಗುಣ ತಿಳಿದಿತ್ತು. ಯುರೋಪಿನವರ ನೆಲಮಾಳಿಗೆಯ ಹಿಂದಿರುವುದೂ ಅದೇ ತಿಳಿವಳಿಕೆ.

ನಮ್ಮ ರಾಜ್ಯದ ವೈನುಗಳ ಮಟ್ಟಿಗೆ ಈ ವಿಚಾರ ಇನ್ನಷ್ಟು ಮುಖ್ಯ. ಗ್ರೋವರ್ ಕುಟುಂಬ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳನ್ನು ಬೆಳೆಸಿ, ಬೋರ್ಡೋದ ತಜ್ಞ ಮಿಶೆಲ್ ರೋಲಾನ್ ಅವರ ಸಲಹೆಯೊಂದಿಗೆ ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಬೆರೆಸಿದ ‘ಲಾ ರಿಸರ್ವ್’ ತಯಾರಿಸಿತು. ಪ್ಯಾರಿಸ್ ಪರೀಕ್ಷೆ ನಡೆಸಿದ ಅದೇ ಸ್ಪರಿಯರ್ 2005ರಲ್ಲಿ ಬ್ರಿಟನ್ನಿನ ‘ಡಿಕ್ಯಾಂಟರ್’ ಪತ್ರಿಕೆಯಲ್ಲಿ ಅದನ್ನು ಮೆಚ್ಚಿಕೊಂಡರು. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ ಮೇಲೆ ವಿಜಯಪುರ, ಬಾಗಲಕೋಟೆ, ಬೆಳಗಾವಿಗಳನ್ನೊಳಗೊಂಡ ಕೃಷ್ಣಾ ಕೊಳ್ಳದಲ್ಲಿಯೂ ಉತ್ಸಾಹ ಮೂಡಿತು. ಕೊಪ್ಪಳ ಜಿಲ್ಲೆಯಲ್ಲಿ, ಹಂಪಿಯ ಸೀಮೆಯ ಬಂಡೆಗುಡ್ಡಗಳ ನಡುವೆ ಬೆಳೆದ ಕೃಷ್ಮಾ ಸಂಸ್ಥೆಯ ಕ್ಯಾಬರ್ನೆ ಸೊವಿನ್ಯೋನ್ ಹೆಸರು ಗಳಿಸಿತು.

ಆದರೆ ಬಿಸಿಲು ನಾಡಿನ ದ್ರಾಕ್ಷಿ ಹಣ್ಣಾಗುವಾಗ ಆಮ್ಲ ಬೇಗ ಇಳಿಯುತ್ತದೆ. ವೈನನ್ನು ದೀರ್ಘಕಾಲ ಕಾಯುವುದರಲ್ಲಿ ಆಮ್ಲದ ಪಾತ್ರ ಹಿರಿದು. ನಮ್ಮ ಕೆಂಪು ವೈನುಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಕುಡಿಯಲೆಂದು ತಯಾರಾದವು. ಉತ್ಕೃಷ್ಟವಾದ ಕೆಲವು ಮಾತ್ರ, ಅದೂ ತಂಪಿನಲ್ಲಿಟ್ಟರೆ, ಇನ್ನಷ್ಟು ಕಾಲ ಬಾಳುತ್ತವೆ. ಇದನ್ನು ಬಾಟಲಿಯ ಚೀಟಿಯಲ್ಲಿ ಸ್ಪಷ್ಟವಾಗಿ ಮುದ್ರಿಸಿದರೆ ತಯಾರಕರಿಗೇನೂ ನಷ್ಟವಿಲ್ಲವೆಂಬುದು ನಮ್ಮ ಅಭಿಪ್ರಾಯ. ತಾರಿಹಾಳದ ಪಕ್ಕದ ಹೆದ್ದಾರಿಯಲ್ಲಿ ಮೇ ತಿಂಗಳ ಮಧ್ಯಾಹ್ನ ನಿಂತು ನೋಡಿದರೆ ಇನ್ನೊಂದು ಮಾತು ಹೊಳೆಯುತ್ತದೆ: ತಂಪಿಲ್ಲದ ಲಾರಿಯಲ್ಲಿ ಬಂದು, ಅಂಗಡಿಯ ಮೇಲಿನ ಹಲಗೆಯಲ್ಲಿ ದೀಪದ ಶಾಖಕ್ಕೆ ತಿಂಗಳುಗಟ್ಟಲೆ ನಿಂತ ಬಾಟಲಿ ಗಿರಾಕಿಯ ಕೈಸೇರುವ ಮೊದಲೇ ಅರ್ಧ ಆಯುಷ್ಯ ಕಳೆದಿರುತ್ತದೆ. ಅದನ್ನು ಸವಿದು ಮುಖ ಸಿಂಡರಿಸುವವರು ದೂರುವುದು ಬೆಳೆದ ರೈತನನ್ನೂ ತಯಾರಿಸಿದವರನ್ನೂ.

ಮನೆಯಲ್ಲಿ ಇಡಲೇಬೇಕೆಂದಾದರೆ ಬೆಳಕು ಬೀಳದ, ಅಲುಗಾಟವಿಲ್ಲದ, ಮನೆಯ ಅತ್ಯಂತ ತಂಪಾದ ಮೂಲೆ ಉತ್ತಮ; ಒಲೆಯ ಬದಿ, ಅಟ್ಟ, ಕಾರಿನ ಡಿಕ್ಕಿ ಸಲ್ಲದು. ಕಾರ್ಕ್ ಬಿರಡೆಯ ಬಾಟಲಿಯನ್ನು ಮಲಗಿಸಿಡಬೇಕು, ಬಿರಡೆ ಒಣಗಬಾರದು. ಅನೇಕ ಭಾರತೀಯ ವೈನುಗಳಿಗೆ ಈಗ ತಿರುಪು ಮುಚ್ಚಳವಿರುವುದರಿಂದ ಅವುಗಳಿಗೆ ಈ ನಿಯಮವಿಲ್ಲ. ಕೆಲವು ತಿಂಗಳ ಮಟ್ಟಿಗೆ ಫ್ರಿಜ್ಜೂ ಸಾಕು. ಕುಡಿಯುವ ಅರ್ಧ ಗಂಟೆ ಮೊದಲು ಹೊರತೆಗೆದರಾಯಿತು. ಗಸಿಯಿದ್ದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಅಲುಗಿಸದೆ ಬಗ್ಗಿಸಬೇಕು. ಹಸಿಗೋಣಿಯ ಅಥವಾ ನೆನೆದ ರಟ್ಟಿನ ಮುಗ್ಗಲು ವಾಸನೆ ಬಂದರೆ ಅದು ಕಾರ್ಕಿನ ದೋಷ, ವಯಸ್ಸಿನದಲ್ಲ.

ಧಾರವಾಡದಲ್ಲಿ ಉಳಿದಿದ್ದ ಮೂರನೆಯ ಬಾಟಲಿಯನ್ನು ಹತ್ತನೆಯ ವರ್ಷಕ್ಕೆ ಮೀಸಲಿಡುವ ವಿಚಾರವನ್ನು ಆತಿಥೇಯರು ಕೈಬಿಟ್ಟರು. ಮುಂದಿನ ಭಾನುವಾರ ಸಂಜೆ, ಖಾರದ ಊಟಕ್ಕೆ ಮುನ್ನ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆರೆದರು. ಒಣಅಂಜೂರದ ವಾಸನೆ ಬರುತ್ತಿದೆ ಎಂದು ಅಂದು ಮೊದಲು ಹೇಳಿದವರು ಅವರೇ. ಫ್ರಾನ್ಸಿಗೆ ಹೋಗಿಬಂದವರಿಗೆ ಮಾತ್ರ ಅದು ತುಸು ಎಳೆಯದೆನಿಸಿತು.