ಬೀದಿ ನಾಟಕದ ನಗು ಯಾರ ಮೇಲೆ?

1978ರ ನವೆಂಬರಿನಲ್ಲಿ ಬಾಬಾಬುಡನ್‌ಗಿರಿಯ ಕೆಳಗೆ, ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ, ಇಂದಿರಾ ಗಾಂಧಿ ನಿಂತು ಗೆದ್ದರು. ಅವರನ್ನು ಸಿಂಹಿಣಿ, ಎದುರಾಳಿಗಳನ್ನು ನೂರು ಮುಸುವಗಳು ಎಂದ ಹಿಂದಿ ಘೋಷಣೆ ಆಗಿನದು. ರಾಜಕೀಯದವರೇ ಇಷ್ಟು ತಮಾಷೆ ಮಾಡುವಾಗ ನಾಟಕದವರಿಗೇನು ಕೆಲಸ? ಇದೆ. ಆ ಘೋಷಣೆಯಲ್ಲಿ ಸಿಂಹಿಣಿಯಿದ್ದಾಳೆ, ಮುಸುವಗಳಿವೆ. ತೋಟದ ಲೈನ್‌ಮನೆಯ ಕೂಲಿಯವನಿಲ್ಲ.

1975ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಸಮುದಾಯ’ ಲಾಭಕ್ಕೆ ಕಟ್ಟಿದ ಕಂಪನಿಯಲ್ಲ, ಹವ್ಯಾಸಿಗಳ ತಂಡ. ಬಿಹಾರದ ಬೆಲ್ಚಿಯಲ್ಲಿ 1977ರ ಮೇ ತಿಂಗಳಲ್ಲಿ ದಲಿತರೂ ಸೇರಿ 11 ಜನರನ್ನು ಕೊಂದು ಸುಟ್ಟರು. ಇದೇ ಇಂದಿರಾ ಆನೆಯೇರಿ ಆ ಊರಿಗೆ ಹೋದದ್ದು ದೊಡ್ಡ ಸುದ್ದಿಯಾಯಿತು. ಸತ್ತವರನ್ನು ಕನ್ನಡದ ಬೀದಿಗಳಿಗೆ ತಂದದ್ದು ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದ ‘ಬೆಲ್ಚಿ’.

ಬೀದಿಯಲ್ಲಿ ಪರದೆಯಿಲ್ಲ, ದೀಪವಿಲ್ಲ. ಟವೆಲ್ಲು ತಲೆಗೇರಿದರೆ ಗೌಡ, ಸೊಂಟಕ್ಕಿಳಿದರೆ ಆಳು. ನಗು ಹುಟ್ಟುವುದೇ ಇಲ್ಲಿ: ಗೌಡಿಕೆ ಅಂದರೆ ಒಂದು ಟವೆಲ್ಲು ಅಷ್ಟೇನಾ!

ನನ್ನ ತಕರಾರೂ ಇಲ್ಲೇ. ಜನ ನಗಲಿ ಅಂತ ಆಳಿನ ಮಾತನ್ನು ತೊದಲಿಸಿ, ಗೌಡನ ಮಾತನ್ನು ಶುದ್ಧವಾಗಿಟ್ಟರೆ, ಕೊನೆಗೆ ಎಷ್ಟು ಘೋಷಣೆ ಕೂಗಿದರೂ ನಾಟಕ ಗೌಡನ ಕಡೆಯದೇ. ತಮಟೆಯದೂ ಹಾಗೇ. ನಾಟಕದವನಿಗೆ ಅದು ಜನ ಸೇರಿಸುವ ವಾದ್ಯ. ನಮ್ಮ ಹಿರೀಕರಿಗೆ ಸಾವಿಗೆ, ಜಾತ್ರೆಗೆ ಬಡಿಯಲೇಬೇಕಿದ್ದ ಬಿಟ್ಟಿ ಚಾಕರಿ. ತಂಡದಲ್ಲಿ ತಮಟೆ ಯಾರ ಕೈಲಿದೆ? ಗೌಡನ ಪಾರ್ಟು ಯಾರಿಗೆ ಕೊಟ್ಟಿದ್ದೀರಿ? ನಮ್ಮ ಹುಡುಗನೊಬ್ಬ ಗೌಡನಾಗಿ ಮೀಸೆ ತಿರುವಿದರೆ ಲೈನಿನ ಹೆಂಗಸರು ಸೆರಗು ಬಾಯಿಗಿಟ್ಟು ನಗ್ತಾರೆ. ತೋಟದ ರೈಟರು ಮಾತ್ರ ನಗೋದಿಲ್ಲ; ಯಾರ್‍ಯಾರು ನಕ್ಕರು ಅಂತ ನೋಡ್ತಾ ನಿಂತಿರ್ತಾನೆ.