ಯಂತ್ರದ ಕಣ್ಣು ಮತ್ತು ದೋಷದ ಹೆಸರು

ಸಾಯನ್ ಮತ್ತು ಮಾಹಿಮ್ ರೈಲುನಿಲ್ದಾಣಗಳ ನಡುವೆ ಹರಡಿರುವ ಧಾರಾವಿಯಲ್ಲಿ 'ತೇರಾ ಕಂಪೌಂಡ್' ಎಂದು ಹೆಸರಾದ ಒಂದು ಭಾಗವಿದೆ. ಮುಂಬಯಿ ಎಸೆದ ಪ್ಲಾಸ್ಟಿಕ್ಕು ಅಲ್ಲಿಗೆ ಬಂದು ಸೇರುತ್ತದೆ. ಬಗೆಬಗೆಯಾಗಿ ಬೇರ್ಪಟ್ಟು, ಚೂರಾಗಿ, ನೀರಿನಲ್ಲಿ ತೊಳೆದು, ಒಣಗಿ, ಕರಗಿ, ಕೊನೆಗೆ 'ದಾನಾ' ಎಂಬ ಕಾಳಿನ ರೂಪದಲ್ಲಿ ಮತ್ತೆ ಕಾರ್ಖಾನೆಗಳಿಗೆ ಹೋಗುತ್ತದೆ. ಮುಂಬಯಿಯ ಆಡುಮಾತಿನಲ್ಲಿ ಗುಜರಿಗೆ 'ಭಂಗಾರ್' ಎಂದು ಹೆಸರು. ಊರಿನಿಂದ ಹೊಸದಾಗಿ ಬಂದ ಕನ್ನಡಿಗನ ಕಿವಿಗೆ ಅದು 'ಬಂಗಾರ'ವೆಂದೇ ಕೇಳಿಸುತ್ತದೆ. ಈ ಎರಡು ಪದಗಳ ನಡುವಿನ ದೂರವನ್ನು ಕ್ರಮಿಸುವ ಮೊದಲ ಹೆಜ್ಜೆ ವಿಂಗಡಣೆ; ಅದು ನಡೆಯುವುದು ಮನುಷ್ಯರ ಕಣ್ಣು ಮತ್ತು ಕೈಗಳಿಂದ.

ಇಂದಿನ ದೊಡ್ಡ ಕಾರ್ಖಾನೆಗಳಲ್ಲಿ ಇಂಥ ನೋಡುವ ಕೆಲಸವನ್ನು ಯಂತ್ರಗಳು ಮಾಡತೊಡಗಿವೆ. ಬ್ಯಾಟರಿಯ ಕವಚಗಳ ತಯಾರಿಕೆಯಲ್ಲಿ ದೋಷಗಳನ್ನು ಗುರುತಿಸುವ ಸ್ವಯಂಚಾಲಿತ ದೃಶ್ಯ ಪರೀಕ್ಷೆ ಅದಕ್ಕೊಂದು ಒಳ್ಳೆಯ ನಿದರ್ಶನ. ಅದರ ಕ್ರಮವನ್ನು ವಿವರಿಸಿ, ಭಾಷೆಯ ಅಭ್ಯಾಸಿಗಳಾದ ನಮಗೂ ಅದಕ್ಕೂ ಇರುವ ಸಂಬಂಧವನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕವಚದ ವಿಷಯ. ವಾಹನಗಳಲ್ಲಿರುವ ಸೀಸ-ಆಮ್ಲ ಬ್ಯಾಟರಿಯ ಡಬ್ಬಿಯನ್ನು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ಒತ್ತಿ ತಯಾರಿಸುತ್ತಾರೆ. ಒಳಗೆ ಗಂಧಕಾಮ್ಲವಿರುವುದರಿಂದ ಕೂದಲೆಳೆಯಷ್ಟು ಬಿರುಕೂ ಸೋರಿಕೆಗೆ ದಾರಿಯಾಗುತ್ತದೆ. ಲಿಥಿಯಂ-ಅಯಾನ್ ಕೋಶಗಳಿಗೆ ಉಕ್ಕಿನ ಕೊಳವೆ, ಅಲ್ಯೂಮಿನಿಯಂ ಪೆಟ್ಟಿಗೆ ಅಥವಾ ಪದರು ಹಾಳೆಯ ಚೀಲ ಕವಚವಾಗಿರುತ್ತದೆ. ಅಲ್ಲಿ ಹೊರಗಿನ ತೇವ ಒಳಗೆ ಹೋಗುವುದೂ ಅಪಾಯಕರ. 2016ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ಗ್ಯಾಲಕ್ಸಿ ನೋಟ್ 7 ದೂರವಾಣಿಗಳು ಹೊತ್ತಿಕೊಂಡು, ಆ ಮಾದರಿಯನ್ನೇ ಹಿಂದಕ್ಕೆ ಪಡೆಯಬೇಕಾಯಿತು. 2017ರ ಜನವರಿಯಲ್ಲಿ ಪ್ರಕಟವಾದ ತನಿಖೆಯ ಪ್ರಕಾರ, ಒಂದು ಬಗೆಯ ಬ್ಯಾಟರಿಯಲ್ಲಿ ಕವಚದ ಮೂಲೆಯೊಂದರಲ್ಲಿ ಸಾಕಷ್ಟು ಎಡೆಯಿಲ್ಲದೆ ಒಳಗಿನ ವಿದ್ಯುದ್ವಾರ ಬಾಗಿತ್ತು. ಕವಚವೆಂಬುದು ಕೇವಲ ಹೊರಗಿನ ಅಂದವಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಿಲ್ಲ.

ಯಂತ್ರದ ನೋಟಕ್ಕೆ ಮೂರು ಅಂಗಗಳು: ಬೆಳಕು, ಕ್ಯಾಮೆರಾ, ಗಣಕ. ಇವುಗಳಲ್ಲಿ ಬೆಳಕಿನದೇ ಮೊದಲ ಸ್ಥಾನ. ನುಣುಪಾದ ಲೋಹಕ್ಕೆ ನೇರವಾಗಿ ಬೆಳಕು ಚೆಲ್ಲಿದರೆ ಕಣ್ಣು ಕುಕ್ಕುವ ಹೊಳಪಿನಲ್ಲಿ ಗೀರು ಮರೆಯಾಗಬಹುದು. ಅದೇ ಬೆಳಕನ್ನು ಓರೆಯಾಗಿ, ತಗ್ಗಿನಿಂದ ಬೀರಿದರೆ ನಯವಾದ ಭಾಗ ಕಪ್ಪಾಗಿ ಉಳಿದು, ಗೀರಿನ ಅಂಚು ಮಾತ್ರ ಮಿನುಗುತ್ತದೆ. ಅಕ್ಕಿ ಆರಿಸುವ ಗೃಹಿಣಿ ಮೊರವನ್ನು ಬಾಗಿಲ ಬೆಳಕಿಗೆ ಓರೆ ಮಾಡುವಲ್ಲಿರುವ ವಿವೇಕವೇ ಇದು. ಕ್ಯಾಮೆರಾ ಈ ದೃಶ್ಯವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು, ಪ್ರತಿ ಚುಕ್ಕೆಯ ಬೆಳಕಿಗೂ ಒಂದು ಸಂಖ್ಯೆಯನ್ನು ಕೊಡುತ್ತದೆ. ಸಾಮಾನ್ಯ ಕ್ರಮದಲ್ಲಿ ಕಡುಗಪ್ಪಿಗೆ 0, ಪೂರ್ಣ ಬಿಳುಪಿಗೆ 255.

ಈ ಸಂಖ್ಯೆಗಳಿಂದ ತೀರ್ಪಿಗೆ ಬರುವ ದಾರಿಗಳು ಎರಡು. ಹಳೆಯದು ನಿಯಮದ ದಾರಿ: ಇಷ್ಟು ಉದ್ದಕ್ಕಿಂತ ಹೆಚ್ಚಿನ ಗೆರೆ ಕಂಡರೆ ತಿರಸ್ಕರಿಸು ಎಂದು ಮೊದಲೇ ವಿಧಿಸುವುದು. ಹೊಸದು ಉದಾಹರಣೆಯ ದಾರಿ: ಮನುಷ್ಯರು ಗುರುತು ಹಾಕಿಕೊಟ್ಟ ಸಾವಿರಾರು ಚಿತ್ರಗಳಿಂದ ಗಣಕ ತಾನೇ ಲಕ್ಷಣಗಳನ್ನು ಕಲಿಯುವುದು. ಕಾರ್ಖಾನೆಯಲ್ಲಿ ದೋಷದ ವಸ್ತು ಅಪರೂಪ. ಆದಕಾರಣ ನಿರ್ದೋಷ ವಸ್ತುಗಳನ್ನು ಮಾತ್ರ ತೋರಿಸಿ, ಅವುಗಳಂತಿಲ್ಲದ್ದನ್ನು ಹುಡುಕಿಸುವ ಪದ್ಧತಿಯೂ ಬೆಳೆದಿದೆ. 2019ರಲ್ಲಿ ಪ್ರಕಟವಾದ ಎಂವಿಟೆಕ್ ಚಿತ್ರಸಂಗ್ರಹದಲ್ಲಿ 15 ಬಗೆಯ ವಸ್ತು ಮತ್ತು ಮೇಲ್ಮೈಗಳ 5000ಕ್ಕೂ ಹೆಚ್ಚು ಚಿತ್ರಗಳಿದ್ದು, ಕಲಿಕೆಗೆ ಮೀಸಲಾದವೆಲ್ಲವೂ ನಿರ್ದೋಷವಾದವು.

ಆದರೂ ಈ ನೋಟಕ್ಕೆ ಮಿತಿಗಳಿವೆ. ಕ್ಯಾಮೆರಾ ಮೇಲ್ಮೈಯನ್ನಷ್ಟೇ ಕಾಣುತ್ತದೆ. ಆದುದರಿಂದ ಪ್ಲಾಸ್ಟಿಕ್ ಡಬ್ಬಿಯ ಒಳಗೂ ಹೊರಗೂ ವಿದ್ಯುದ್ವಾರಗಳನ್ನಿಟ್ಟು ಹೆಚ್ಚಿನ ಒತ್ತಡದ ವಿದ್ಯುತ್ತನ್ನು ಹಾಯಿಸುವ ಪರೀಕ್ಷೆಯುಂಟು; ರಂಧ್ರವಿದ್ದಲ್ಲಿ ಕಿಡಿ ಹಾರುತ್ತದೆ. ಎರಡನೆಯ ಮಿತಿ ತೀರ್ಪಿನದು. ಒಳ್ಳೆಯದನ್ನು ತಿರಸ್ಕರಿಸಿದರೆ ನಷ್ಟ, ಕೆಟ್ಟದ್ದನ್ನು ಒಪ್ಪಿದರೆ ಅಪಾಯ. ಒಂದನ್ನು ಕಡಿಮೆ ಮಾಡಹೊರಟರೆ ಇನ್ನೊಂದು ಹೆಚ್ಚುತ್ತದೆ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಯಂತ್ರ ಹೇಳದು. ಹೊಣೆಯುಳ್ಳ ಮನುಷ್ಯನೇ ಹೇಳಬೇಕು.

ಇಲ್ಲಿ ಧಾರಾವಿಯ ನೆನಪು ಸಹಜವಾಗಿಯೇ ಬರುತ್ತದೆ. ಬ್ಯಾಟರಿ ಡಬ್ಬಿಗಳ ತಯಾರಿಕೆಗೆ ಮರುಬಳಕೆಯ ಪಾಲಿಪ್ರೊಪಿಲೀನ್ ಕೂಡ ಒದಗುತ್ತದೆ. ಅಲ್ಲಿನ ದಾನಾವೇ ಬ್ಯಾಟರಿ ಡಬ್ಬಿಯಾಗುತ್ತದೆಂಬುದು ನಮ್ಮ ವಾದವಲ್ಲ. ತತ್ತ್ವ ಮಾತ್ರ ಒಂದೇ. ಹೊಂದಿಕೆಯಿಲ್ಲದ ಬೇರೆ ಜಾತಿಯ ಪ್ಲಾಸ್ಟಿಕ್ ಬೆರೆತರೆ ಅಚ್ಚಿನಿಂದ ಬಂದ ವಸ್ತು ಪದರು ಪದರಾಗಿ ಬಿಡುತ್ತದೆ. ಹೀಗಾಗಿ ಕವಚದ ಪರೀಕ್ಷೆ ಕಾರ್ಖಾನೆಯ ಕ್ಯಾಮೆರಾದಿಂದಲ್ಲ, ಗುಜರಿಯ ರಾಶಿಯಿಂದಲೇ ಆರಂಭವಾಗುತ್ತದೆ. ಪಾಲಿಪ್ರೊಪಿಲೀನ್ ನೀರಿನಲ್ಲಿ ತೇಲುತ್ತದೆ. ಪಾಲಿಥೀನ್ ಕೂಡ ತೇಲುತ್ತದೆ. ಆಗ ಉಗುರಿನ ಸಹಾಯ ಬೇಕು: ಪಾಲಿಥೀನಿನ ಮೇಲೆ ಉಗುರಿನ ಗುರುತು ಸುಲಭವಾಗಿ ಮೂಡುತ್ತದೆ, ಪಾಲಿಪ್ರೊಪಿಲೀನಿನ ಮೇಲೆ ಮೂಡುವುದಿಲ್ಲ. ಅವಕೆಂಪು ಕಿರಣಗಳಿಂದ ಪ್ಲಾಸ್ಟಿಕ್ಕನ್ನು ವಿಂಗಡಿಸುವ ಯಂತ್ರಗಳೂ ಇವೆ. ಆದರೆ ಇಂಗಾಲದ ಮಸಿ ಬೆರೆಸಿದ ಕಪ್ಪು ಪ್ಲಾಸ್ಟಿಕ್ ಆ ಕಿರಣಗಳನ್ನು ನುಂಗಿಬಿಡುವುದರಿಂದ ಅವು ಅದರ ಮುಂದೆ ಕುರುಡಾಗುತ್ತವೆ. ಎಷ್ಟೋ ಬ್ಯಾಟರಿ ಡಬ್ಬಿಗಳ ಬಣ್ಣ ಕಪ್ಪೇ ಎಂಬುದು ಗಮನಾರ್ಹ.

ಹಾಗೆಂದು ಕೈಕೆಲಸವನ್ನು ವೈಭವೀಕರಿಸುವುದು ಸಲ್ಲದು. ಚೂರನ್ನು ಸುಟ್ಟು ವಾಸನೆಯಿಂದ ಜಾತಿ ತಿಳಿಯುವ ಕ್ರಮ ಶ್ವಾಸಕೋಶಕ್ಕೆ ಹಾನಿಕರ. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಯಂತ್ರ ಈ ಹೊಗೆಯಿಂದ ಮನುಷ್ಯನನ್ನು ಬಿಡಿಸುವುದಾದರೆ ಅದು ಸ್ವಾಗತಾರ್ಹವೇ. ಪ್ರಶ್ನೆಯಿರುವುದು, ಮನುಷ್ಯನನ್ನು ಬಿಡಿಸುವಾಗ ಅವನ ತಿಳಿವಳಿಕೆಯನ್ನೂ ಬಿಟ್ಟುಬಿಡುತ್ತೇವೆಯೇ ಎಂಬುದರಲ್ಲಿ. 2022ರ ನವೆಂಬರಿನಲ್ಲಿ ಧಾರಾವಿಯ ಪುನರಾಭಿವೃದ್ಧಿಯ ಹರಾಜಿನಲ್ಲಿ ಅದಾನಿ ಸಮೂಹ ಗೆದ್ದ ಮೇಲೆ ಈ ಪ್ರಶ್ನೆಗೆ ತುರ್ತು ಒದಗಿದೆ. ಮನೆ, ಮಳಿಗೆಗಳನ್ನು ಎಣಿಸಬಹುದು. ಬೆರಳ ತುದಿಯಲ್ಲಿರುವ ವಿದ್ಯೆಯನ್ನು ಎಣಿಸಲು ಅದನ್ನು ಮೊದಲು ಬರೆದಿಟ್ಟುಕೊಳ್ಳಬೇಕು.

ಇಲ್ಲಿಯೇ ಭಾಷೆಯ ಪ್ರಶ್ನೆ ಏಳುತ್ತದೆ. ಯಂತ್ರಕ್ಕೆ ದೋಷಗಳನ್ನು ಪ್ರತ್ಯೇಕವಾಗಿ ಕಲಿಸಬೇಕಾದರೆ ಪ್ರತಿಯೊಂದಕ್ಕೂ ನಿಶ್ಚಿತವಾದ ಹೆಸರು ಬೇಕು. ಒಂದೇ ಗುರುತನ್ನು ಇಬ್ಬರು ಎರಡು ಹೆಸರಿನಿಂದ ಕರೆದರೆ ಯಂತ್ರ ಕಲಿಯುವುದು ಆ ಗೊಂದಲವನ್ನೇ. ಕನ್ನಡದಲ್ಲಿ ಈ ಹೆಸರುಗಳಿಗೆ ಕೊರತೆಯಿಲ್ಲ. ಗೀರು ಮೇಲ್ಮೈಯಲ್ಲಿ ನಿಲ್ಲುತ್ತದೆ, ಬಿರುಕು ಒಳಗಿಳಿಯುತ್ತದೆ, ಸೀಳು ಎರಡು ಭಾಗ ಮಾಡುತ್ತದೆ. ನೆಗ್ಗಿನಲ್ಲಿ ವಸ್ತು ನಷ್ಟವಾಗಿರುವುದಿಲ್ಲ, ಆಕಾರ ಮಾತ್ರ ಕೆಟ್ಟಿರುತ್ತದೆ. ಸುಕ್ಕು, ಬೊಕ್ಕೆ, ಕಲೆ ಇವೆಲ್ಲವೂ ಬೇರೆ ಬೇರೆ. ಪಾತ್ರೆ ಮಾಡುವವರು, ಕೊಳ್ಳುವವರು, ಹೊಲದಲ್ಲಿ ದುಡಿಯುವವರು ಬಳಸಿ ನಯಗೊಳಿಸಿದ ಈ ಭೇದಗಳು ತಂತ್ರಜ್ಞಾನದ ಪಾಠಗಳಲ್ಲಿ 'ದೋಷ' ಎಂಬ ಒಂದೇ ಪದದಡಿ ಮುಳುಗಿಹೋಗುವ ಅಪಾಯವಿದೆ.

ಪಾರಿಭಾಷಿಕ ಪದಗಳನ್ನು ಟಂಕಿಸುವಾಗ ನಾವು ಹೆಚ್ಚಾಗಿ ನಿಘಂಟುಗಳ ಕಡೆ ನೋಡಿದ್ದೇವೆ. ಕಾರ್ಖಾನೆ, ಗ್ಯಾರೇಜು, ಗುಜರಿ ಅಂಗಡಿಗಳಲ್ಲಿ ದುಡಿಯುವ ಕನ್ನಡಿಗರು ದೋಷಗಳನ್ನು ಏನೆಂದು ಕರೆಯುತ್ತಾರೆ, ಹಿಂದಿ-ಮರಾಠಿಗಳಿಂದ ಏನನ್ನು ಪಡೆದಿದ್ದಾರೆ ಎಂಬುದನ್ನು ಸಂಗ್ರಹಿಸುವ ಕ್ಷೇತ್ರಕಾರ್ಯಕ್ಕೆ ಮುಂಬಯಿಗಿಂತ ತಕ್ಕ ನೆಲ ವಿರಳ. ಆ ಕೆಲಸವನ್ನು ವಿದ್ಯಾರ್ಥಿಗಳು ಈಗಲೇ ಕೈಗೆತ್ತಿಕೊಳ್ಳಬೇಕು. ಯಂತ್ರಕ್ಕೆ ಕಣ್ಣು ಕೊಡುವವರು ತಂತ್ರಜ್ಞರು. ಕಂಡದ್ದು ಏನೆಂದು ಹೇಳುವ ಮಾತನ್ನು ಕೊಡಬೇಕಾದವರು, ಆ ಮಾತನ್ನು ದಿನವೂ ಆಡುತ್ತಿರುವ ಜನ. ಅವರ ನಡುವೆ ಸೇತುವೆಯಾಗುವುದು ಭಾಷಾ ವಿಭಾಗಗಳಿಗೆ ಸಲ್ಲುವ ಕೆಲಸ.